ಬೋಧಕರ ವಂಶವೂ ನನ್ನ ರಜೆಯೂ

ಕಳೆದ ವಾರ ನಾನು ನಮ್ಮ ಬಾಸ್‌ನ ಪೂರ್ವಜರೊಬ್ಬರನ್ನು ಕಿತ್ತುಕೊಂಡೆ.

ಬೇಕೆಂದೇ ಮಾಡಿದ್ದಲ್ಲ. ಊಟಕ್ಕೆ ಕರೆದಿದ್ದೆ, ಅಷ್ಟೇ. ಅವರು ಬರುವಾಗ ವಂಶ ಇಟ್ಟುಕೊಂಡು ಬಂದರು, ಹೋಗುವಾಗ ಕಳೆದುಕೊಂಡು ಹೋದರು.

ಬಾಸ್ ಹೆಸರು ಜೋನ್ಸ್. ಊರು ವೇಲ್ಸ್. (ಇಂಗ್ಲೆಂಡ್ ಅಂದೀರಿ, ಜೋಕೆ! ಹಾಗೆ ಅಂದ ನಮ್ಮ ಸ್ಟೋರ್‌ಕೀಪರ್ ಅರ್ಧ ಗಂಟೆ ಇತಿಹಾಸ ಕೇಳಬೇಕಾಯಿತು.) ಮೀನಾ ಸಲ್ಮಾನ್ ಬಂದರಿನ ನಮ್ಮ ಗೋದಾಮಿಗೆ ಅವರೇ ಮ್ಯಾನೇಜರ್. ಬಹ್ರೇನ್‌ನಲ್ಲಿ ಕೂದಲು ಬೆಳ್ಳಗಾದ ಮನುಷ್ಯ. ಆದ್ದರಿಂದ ರಜೆ ಕೇಳಿದರೆ 'ಇನ್ಶಾ ಅಲ್ಲಾಹ್' ಅನ್ನುತ್ತಾರೆ. ಅದರ ಅರ್ಥ ಗಲ್ಫ್‌ನಲ್ಲಿ ದುಡಿದವರಿಗೆಲ್ಲ ಗೊತ್ತು. ದೇವರು ಒಪ್ಪಿದರೂ ಮ್ಯಾನೇಜರ್ ಇನ್ನೂ ಒಪ್ಪಿಲ್ಲ ಎಂದು!

ನನಗೋ ರಜೆ ಬೇಕೇ ಬೇಕಿತ್ತು. ಬರುವ ತಿಂಗಳು ಊರಿನ ಕುಟುಂಬದ ಮನೆಯಲ್ಲಿ ದೈವದ ನೇಮ, ಅಂದರೆ ಭೂತಕೋಲ. ಎಷ್ಟೋ ವರ್ಷಗಳಿಂದ ನಾನು ಅದನ್ನು ಮೊಬೈಲ್‌ನಲ್ಲೇ ನೋಡಿ ಕೈಮುಗಿಯುತ್ತಿದ್ದೇನೆ. ನೆಟ್‌ವರ್ಕ್ ಕೈಕೊಟ್ಟರೆ ಪ್ರಸಾದವೂ ಇಲ್ಲ, ದರ್ಶನವೂ ಇಲ್ಲ. ಈ ಸಲ ಮನೆಯ ಯಜಮಾನರಾದ ನನ್ನ ಸೋದರಮಾವ ಫೋನಿನಲ್ಲಿ ಖಡಕ್ಕಾಗಿ ಹೇಳಿದ್ದರು: "ದೈವ ನಿನ್ನನ್ನು ಕೇಳ್ತದೆ ಮಾರಾಯ. ಪ್ರತಿ ಸಲ ನಾನು ಎಂತ ಸುಳ್ಳು ಹೇಳುದು? ಈ ಸಲ ನೀನೇ ಬಂದು ಉತ್ತರ ಕೊಡು."

ಆದರೆ ಬಾಸ್ ಕ್ಯಾಬಿನ್‌ಗೆ ಹೋದಾಗಲೆಲ್ಲ ನನ್ನ ದೈವಕ್ಕಿಂತ ಮೊದಲು ಅವರ ಬೋಧಕರು ಎದುರಾಗುತ್ತಿದ್ದರು. ಇಂಟರ್‌ನೆಟ್‌ನಲ್ಲಿ ವಂಶ ಹುಡುಕುವ ಹುಚ್ಚು ಬಾಸ್‌ಗೆ. ಅವರಪ್ಪನ ಹಳ್ಳಿಯಲ್ಲಿ ಹಿಂದೆ ಒಬ್ಬ ಜೋನ್ಸ್ ಇದ್ದರಂತೆ, ಬ್ಯಾಪ್ಟಿಸ್ಟ್ ಬೋಧಕ. ಕೊರೆಯುವ ಚಳಿಯಲ್ಲಿ ಜನರನ್ನು ಹೊಳೆಗಿಳಿಸಿ ತಲೆ ಮುಳುಗಿಸಿ ದೀಕ್ಷಾಸ್ನಾನ ಮಾಡಿಸುತ್ತಿದ್ದರಂತೆ. ಕುಡಿತದ ವಿರುದ್ಧ ಬಾಯಿ ತೆರೆದರೆ ಮಧ್ಯಾಹ್ನದ ಊಟ ಸಂಜೆಗೆ ಹೋಗುತ್ತಿತ್ತಂತೆ. ಅವರು ತನ್ನ ಮುತ್ತಜ್ಜನ ಅಪ್ಪ ಎಂದು ಬಾಸ್‌ಗೆ ಗಟ್ಟಿ ನಂಬಿಕೆ. ತೊಂದರೆ ಒಂದೇ, ಆ ಹಳ್ಳಿಯಲ್ಲಿ ಎಲ್ಲರೂ ಜೋನ್ಸ್. ಬ್ರೆಡ್ ಮಾರುವ ಜೋನ್ಸ್, ಹಾಲಿನ ಜೋನ್ಸ್, ಹೆಣ ಹೂಳುವ ಜೋನ್ಸ್! ಇವರಲ್ಲಿ ಬಾಸ್ ಯಾವ ಜೋನ್ಸ್‌ನ ಕುಡಿ?

ಬಾಸ್ ಮೆತ್ತಗಾಗಲಿ ಎಂದು ಶುಕ್ರವಾರ ಸೆಗಯಾದ ನಮ್ಮ ಫ್ಲ್ಯಾಟಿಗೆ ಊಟಕ್ಕೆ ಕರೆದೆ. ಗರಿಗರಿ ರೊಟ್ಟಿಗೆ ಕೋಳಿಸಾರು ಹೊಯ್ದ ಕೋರಿ ರೊಟ್ಟಿಯ ಮುಂದೆ ಯಾವ ಮ್ಯಾನೇಜರ್ ನಿಂತಾನು? ಎಲ್ಲವೂ ಚೆನ್ನಾಗಿಯೇ ನಡೆದಿತ್ತು. ಆದರೆ ವಿಸಿಟ್ ವೀಸಾದಲ್ಲಿ ಬಂದಿದ್ದ ನನ್ನ ಹೆಂಡತಿಯ ಅಮ್ಮ ಎದುರಿಗೆ ಕೂತರು.

ಅತ್ತೆಗೆ ಮನುಷ್ಯ ಯಾವ ದೇಶದವನಾದರೂ ಪ್ರಶ್ನೆ ಒಂದೇ. "ಅವರತ್ರ ಕೇಳಿ, ತಾಯಿಮನೆ ಎಲ್ಲಿ ಅಂತ."

ಕೇಳಿದೆ. ಬಾಸ್ ತಾಯಿಮನೆ ಬಿಟ್ಟು ಬೋಧಕರ ಕಥೆ ಶುರುಮಾಡಿದರು. ನಾನು ಅನುವಾದಿಸಿದೆ.

"ಅದು ಅಪ್ಪನ ಕಡೆ ಅಲ್ವಾ?" ಅತ್ತೆ ರೊಟ್ಟಿಗೆ ಸಾರು ಹೊಯ್ಯುತ್ತಾ ತೀರ್ಪು ಕೊಟ್ಟರು. "ಅಪ್ಪನ ಕಡೆಯವರು ಕುಟುಂಬ ಹೇಗೆ ಆಗ್ತಾರೆ? ಆ ಅಜ್ಜ ಇವರಿಗೆ ಬರುದಿಲ್ಲ. ಮತ್ತೆ ಊರಿಡೀ ಒಂದೇ ಹೆಸರಾದ್ರೆ ಮದುವೆಗೆ ಸಂಬಂಧ ಹೇಗೆ ನೋಡುದು ಇವರು?"

ಜಾಣನಾದವನು ಇಲ್ಲಿ ಸುಳ್ಳು ಅನುವಾದ ಮಾಡುತ್ತಿದ್ದ. ನಾನು ನಿಜವನ್ನೇ ಹೇಳಿದೆ! ಅಷ್ಟು ಸಾಲದೆಂದು, ನಮ್ಮಲ್ಲಿ ಕುಟುಂಬ ತಾಯಿಯಿಂದ ಮಗಳಿಗೆ ಹರಿಯುತ್ತದೆ, ನಾನೂ ಅಮ್ಮನ ಮನೆಗೇ ಸೇರಿದವನು, ನನ್ನ ಸ್ವಂತ ಮಕ್ಕಳು ನನ್ನ ಕುಟುಂಬವಲ್ಲ ಎಂದು ಉತ್ಸಾಹದಲ್ಲಿ ವಿವರಿಸಿದೆ. ಬಾಸ್ ಮುಖ ಸಾರಿಗೆ ಬಿದ್ದ ರೊಟ್ಟಿಯಂತೆ ಮೆತ್ತಗಾಯಿತು. ಎರಡನೇ ಸಲ ಬಡಿಸಿಕೊಳ್ಳಲೂ ಇಲ್ಲ.

"ನಿಮಗೆ ಯಾರು ಹೇಳಿದ್ದು ಅಷ್ಟೆಲ್ಲ ಮಾತಾಡ್ಲಿಕ್ಕೆ?" ಎಂದಳು ಹೆಂಡತಿ, ಬಾಗಿಲು ಹಾಕಿದ ಮೇಲೆ. ಅವಳಮ್ಮನಿಗೆ ಮಾತ್ರ ಒಂದು ಮಾತೂ ಇಲ್ಲ, ಗಮನಿಸಿ.

ಮರುದಿನದಿಂದ ಕ್ಯಾಬಿನ್ ಬಾಗಿಲು ಬಂದ್. ಇನ್ಶಾ ಅಲ್ಲಾಹ್ ಕೂಡ ಬಂದ್. ನನಗೆ ನಿಜಕ್ಕೂ ಅಳು ಬರುವಂತಾಯಿತು. ಬೇರೆಯವರ ಕುಟುಂಬ ತಿದ್ದಲು ಹೋಗಿ ನನ್ನ ಕುಟುಂಬದ ಮನೆಯ ಮೆಟ್ಟಿಲು ಕಳೆದುಕೊಂಡೆನಲ್ಲ! ಸೋದರಮಾವನಿಗೆ ಏನೆನ್ನಲಿ? ಬ್ಯಾಪ್ಟಿಸ್ಟ್ ಬೋಧಕರು ಅಡ್ಡ ಬಂದರು ಎಂದರೆ ನಂಬುತ್ತಾರೆಯೇ?

ಬುಧವಾರ ಕರೆ ಬಂತು. ಹೆದರುತ್ತಲೇ ಹೋದೆ. ಬಾಸ್ ಕಣ್ಣಲ್ಲಿ ಮಿಂಚು!

"ನಿನ್ನತ್ತೆ ಹೇಳಿದ ಹಾಗೆ ತಾಯಿಯ ಕಡೆ ವಿಚಾರಿಸಿದೆ" ಎಂದರು. ವೇಲ್ಸ್‌ನಲ್ಲಿರುವ ಅವರ ಚಿಕ್ಕಮ್ಮನಿಗೆ ಫೋನ್ ಮಾಡಿದ್ದರಂತೆ. ಆಕೆ ಹೇಳಿದ್ದು ಇಷ್ಟು: ತಾಯಿಯ ಕಡೆಯವರದ್ದು ತಲೆತಲಾಂತರದಿಂದ ಹೆಂಡದಂಗಡಿ. ಇದ್ದದ್ದು ಎಲ್ಲಿ? ಆ ಬೋಧಕರ ಪ್ರಾರ್ಥನಾ ಮಂದಿರದ ಎದುರಿಗೆ! ಭಾನುವಾರದ ಬೈಗುಳವೆಲ್ಲ ಇವರಿಗೇ ಹೋಗುತ್ತಿದ್ದದ್ದು.

"ಹಾಗಾದರೆ ನಾನು ಮಂದಿರದವನೋ, ಅಂಗಡಿಯವನೋ?"

"ನಮ್ಮ ಲೆಕ್ಕದಲ್ಲಿ ಅಂಗಡಿಯವರು, ಸರ್."

ಅವರು ಕುರ್ಚಿ ಮುಂದಕ್ಕೆ ಎಳೆದುಕೊಂಡರು. "ಇಂಥ ತಕರಾರು ಬಂದರೆ ನಿಮ್ಮಲ್ಲಿ ಯಾರನ್ನು ಕೇಳುತ್ತೀರಿ?"

"ದೈವದ ಎದುರು ನಿಂತು ಅರಿಕೆ ಮಾಡ್ತೇವೆ. ದೈವ ನುಡಿ ಕೊಡ್ತದೆ. ಬರುವ ತಿಂಗಳು ಉಂಟು. ಆದರೆ ನನಗೆ ರಜೆ..."

ಮಾತು ಮುಗಿಯುವ ಮೊದಲೇ ಬಾಸ್ ಅಂದರು, "ಖಲಾಸ್, ಆಯಿತು! ಹೋಗು. ನನ್ನ ಕೇಸ್ ಕೇಳಿಕೊಂಡು ಬಾ."

ಖುಷಿಯಲ್ಲಿ ಮಾವನಿಗೆ ಫೋನ್ ಮಾಡಿದೆ. ವಿಷಯವನ್ನು ಅವರು ಎರಡೆರಡು ಸಲ ಕೇಳಿ ತಿಳಿದುಕೊಂಡರು. ಆಮೇಲೆ ಗಂಭೀರವಾಗಿ ಅಂದರು, "ನಮ್ಮ ದೈವದ ಗಡಿ ಆಚೆ ಹೊಳೆಯವರೆಗೆ ಮಾತ್ರ ಅಲ್ವಾ ಮಾರಾಯ. ವೇಲ್ಸ್ ಅದರೊಳಗೆ ಬರುದಿಲ್ಲ. ಆದ್ರೂ ಅನ್ನ ಕೊಡುವ ಧಣಿ. ಒಂದು ಮಾತು ಕೇಳಿ ನೋಡುವ."

ಈಗ ಟಿಕೆಟ್ ಆಗಿದೆ, ಬ್ಯಾಗೂ ರೆಡಿ. ಬಾಸ್ ದಿನಕ್ಕೊಂದು ಹೊಸ ಪ್ರಶ್ನೆ ಸೇರಿಸುತ್ತಿದ್ದಾರೆ. ನಿನ್ನೆಯದ್ದು, ಬೋಧಕರಿಗೂ ಅಂಗಡಿಯವರಿಗೂ ಒಳಗೊಳಗೇ ಏನಾದರೂ ಇತ್ತೇ ಎಂದು. ಅಲ್ಲಿಂದಲೇ ಫೋನ್ ಮಾಡಿ ರಿಪೋರ್ಟ್ ಕೊಡಬೇಕಂತೆ.

ನೀವೇ ಹೇಳಿ, ನಾನು ಊರಿಗೆ ಹೊರಟಿರುವುದು ರಜೆಯ ಮೇಲೋ, ಡ್ಯೂಟಿಯ ಮೇಲೋ?