ಬಲಚಕ್ರಕ್ಕೊಂದು ಸೌಟು ಚಹಾ

ನಮ್ಮ ಶಾಲೆಯ ಹಾಸ್ಟೆಲಿನ ಮಕ್ಕಳನ್ನು ಹೊಸ ವರ್ಷದ ಬಿಳಿ ತಿಂಗಳ ಹಬ್ಬಕ್ಕೆ ಕಣಿವೆಯಾಚೆಯ ಅವರವರ ಮನೆ-ಗುಡಾರಗಳಿಗೆ ಮುಟ್ಟಿಸುತ್ತಿದ್ದವಳು ದುಲಾಮ್‌ಜಾವ್. ಗಂಡ ತೀರಿಕೊಂಡಾಗ ಅವನ ವ್ಯಾನನ್ನು ಮಾರಿಬಿಡು ಎಂದವರಿಗೆಲ್ಲ ಅವಳು, "ನಾನೇ ಓಡಿಸ್ತೀನಿ, ಬೇಡ ಅಂದ್ರೆ ಹತ್ತಬೇಡಿ" ಎಂದಿದ್ದಳು. ಎಲ್ಲರೂ ಹತ್ತಿದರು. ಆ ಕಣಿವೆಗೆ ಹೋಗುವ ಗಾಡಿ ಅದೊಂದೇ.

ಆ ವರ್ಷ ಹೊರಡುವ ಬೆಳಿಗ್ಗೆಯೇ ವ್ಯಾನಿನ ಡೀಸೆಲ್ ಹೀಟರ್ ಕೈಕೊಟ್ಟಿತು. ಹೊತ್ತಿಕೊಳ್ಳುವುದು, ಗಾಳಿ ಬೆಚ್ಚಗಾಗುವಷ್ಟರಲ್ಲಿ ಕೆಂಪು ದೀಪ ಮಿಟುಕಿಸಿ ಆರಿಹೋಗುವುದು. ಹೊರಗೆ ಮೈನಸ್ ಮೂವತ್ತೈದು ಡಿಗ್ರಿ ಚಳಿ.

"ಬಿಸಿಯಿಲ್ಲದ ಗಾಡಿಗೆ ಒಂದು ಮಗೂನೂ ಹತ್ತಿಸಲ್ಲ. ಮಧ್ಯಾಹ್ನದೊಳಗೆ ಸರಿಯಾಗದಿದ್ರೆ ಹಬ್ಬ ಹಾಸ್ಟೆಲಲ್ಲೇ" ಎಂದರು ಹೆಡ್‌ಮಾಸ್ತರರು. ಹಾಸ್ಟೆಲಿನ ಅಡುಗೆ ನನ್ನದು; ನನ್ನ ಅಡುಗೆಮನೆ ಬಾಗಿಲಲ್ಲಿ ಮಕ್ಕಳು ಟೋಪಿ ತೊಟ್ಟೇ ಕೂತಿದ್ದರು.

ಮೆಕ್ಯಾನಿಕ್ ಗೊಂಚಿಗ್ ಬಗ್ಗಿ ನೋಡಿ ಕೈ ಒರೆಸಿಕೊಂಡ. "ಬಿಸಿ ಅಳೆಯೋ ಸೆನ್ಸರ್ ಹೋಗಿದೆ ಅಕ್ಕಾ. ಉಲಾನ್‌ಬಾತರ್‌ನಿಂದ ಹೊಸದು ತರಿಸ್ಬೇಕು. ಹಬ್ಬ ಕಳೀಲಿ."

"ಹೋಗಿದೆ ಅಂತ ಅದೇ ಬಂದು ನಿನ್ನ ಕಿವೀಲಿ ಹೇಳ್ತಾ? ಮೀಟರ್ ಹಿಡಿಯೋ" ಎಂದಳು ದುಲಾಮ್‌ಜಾವ್.

ಹಿಡಿದ. ಸೆನ್ಸರಿನ ಬುಡದಲ್ಲಿ ಅಂಕಿ ಅಲುಗದೆ ನಿಂತಿತು. ಅದೇ ತಂತಿಯನ್ನು ಹೀಟರಿನ ಪೆಟ್ಟಿಗೆಯ ಕಡೆಯಿಂದ ಅಳೆದಾಗ, ದುಲಾಮ್‌ಜಾವ್ ತಂತಿ ಜಗ್ಗಿದಾಗಲೆಲ್ಲ ಅಂಕಿ ಕುಣಿಯಿತು. ಸೆನ್ಸರ್ ಚೆನ್ನಾಗಿಯೇ ಇತ್ತು, ಕೆಟ್ಟಿದ್ದು ನಡುವಿನ ತಂತಿ.

ಅವಳು ಗಾಡಿಯಡಿ ಹಿಮದ ಮೇಲೆ ಅಂಗಾತ ಮಲಗಿ, ತಂತಿಯ ಉದ್ದಕ್ಕೂ ಬೆರಳು ಆಡಿಸುತ್ತ ಹೋದಳು. ಬಲಚಕ್ರದ ಹಿಂದೆ ಒಂದು ಜೋಡಣೆ ಸಿಕ್ಕಿತು. ಬಿಚ್ಚಿದರೆ ಪಿನ್ನುಗಳ ಮೇಲೆ ಹಸಿರು ಕಿಲುಬು, ಅಂಚಿನಲ್ಲಿ ಬಿಳಿ ಪೊರೆ. ಕೆರೆದು ನಾಲಿಗೆಗೆ ಇಟ್ಟುಕೊಂಡಳು.

"ಉಪ್ಪು" ಎಂದಳು ಮೆಲ್ಲಗೆ.

ಗೊಂಚಿಗ್ ಹೊಟ್ಟೆ ಹಿಡಿದುಕೊಂಡು ನಕ್ಕ. ದಿನಾ ಗಾಡಿ ತೆಗೆಯುವ ಮೊದಲು ಅವಳು ಉಪ್ಪು ಹಾಕಿ ಕಾಸಿದ ಹಾಲಿನ ಚಹಾದ ಮೊದಲ ಸೌಟನ್ನು ದಾರಿ ಸುಖವಾಗಲೆಂದು ಆಕಾಶಕ್ಕೂ ಬಲಚಕ್ರಕ್ಕೂ ಎರಚುವುದು ಊರಿಗೆಲ್ಲ ಗೊತ್ತಿತ್ತು.

"ದೇವರ ಪಾಲಿನ ಚಹಾನ ತಂತಿಗೆ ಕುಡಿಸಿದ್ದೀರಲ್ಲ! ಇನ್ನಾದ್ರೂ ಬಿಡಿ ಅಕ್ಕಾ, ಈ ಎರಚಾಟ."

"ಯಾಕೋ ಬಿಡ್ಲಿ? ನಮ್ಮತ್ತೆ ಕುದುರೆಗೆ ಎರಚಿದ್ರು, ನನ್ನ ಗಂಡ ಈ ಗಾಡಿಗೆ ಎರಚಿದ. ಆ ಕಣಿವೆ ನಮ್ಮಪ್ಪಂದಲ್ಲ, ಕೇಳ್ಕೊಂಡೇ ಹೋಗ್ಬೇಕು. ನೀನು ತಂತಿ ಜಾಗ ಬದಲಾಯಿಸು."

"ಇದು ಬರೀ ಹಠ."

"ಹೌದು, ಹಠಾನೇ. ಕತ್ತರಿ ಕೊಡು."

ಕಿಲುಬು ಹಿಡಿದ ತುಂಡನ್ನು ಕತ್ತರಿಸಿ, ಹೊಸ ಜೋಡಣೆ ಹಾಕಿ, ತಂತಿಯನ್ನು ಚಕ್ರದಿಂದ ದೂರ, ಮೇಲಕ್ಕೆ ಕಟ್ಟಿದರು. ಹೀಟರ್ ಹೊತ್ತಿಕೊಂಡಿತು. ಕೆಂಪು ದೀಪ ಬರುತ್ತದೇನೋ ಎಂದು ಎಲ್ಲರೂ ಕಾದೆವು. ಬರಲಿಲ್ಲ. ಒಳಗೆ ಕೂತ ಹೆಡ್‌ಮಾಸ್ತರರು ಮೊದಲು ಕೈಗವಸು ತೆಗೆದರು, ಆಮೇಲೆ ಟೋಪಿ.

"ಹತ್ತಿಸಿ" ಎಂದರು.

ಮಕ್ಕಳೆಲ್ಲ ಹತ್ತಿದ ಮೇಲೆ ದುಲಾಮ್‌ಜಾವ್ ನನ್ನ ಕಡೆ ಕೈಚಾಚಿದಳು. ಆಗಷ್ಟೇ ಕಾಸಿದ ಚಹಾದ ಮೊದಲ ಸೌಟು ಕೊಟ್ಟೆ.

"ಅಕ್ಕಾ, ಬೇಡ ಅಕ್ಕಾ!" ಗೊಂಚಿಗ್ ಓಡಿಬಂದ.

ಅವಳು ಅವನನ್ನೇ ನೋಡುತ್ತ ಆಕಾಶಕ್ಕೆ ಎರಚಿದಳು, ಬಲಚಕ್ರಕ್ಕೆ ಎರಚಿದಳು. ಸೌಟಿನಲ್ಲಿ ಉಳಿದಿದ್ದನ್ನು ಅವನ ಬೂಟಿನ ಮೇಲೆ ಸುರಿದಳು.

"ನಿನಗೂ ಒಳ್ಳೇದಾಗ್ಲಿ, ತಮ್ಮಾ" ಎಂದು ಹೇಳಿ ಗಾಡಿ ಹತ್ತಿದಳು.