ಬೆನ್ನು ಮಾಡಿ ಕೂತ ಅಕ್ಕೋರು

ಅಕ್ಕೋರನ್ನು ನೆನೆದರೆ ನನ್ನ ಕಣ್ಣ ಮುಂದೆ ಮೊದಲು ಬರುವುದು ಅವರ ಮುಖವಲ್ಲ, ಬೆನ್ನು. ಅರ್ಧ ಬಿಳಿ, ಅರ್ಧ ಮದರಂಗಿ ಕೆಂಪಿನ ತುರುಬು, ಹೆಗಲ ಮೇಲಿಂದ ಜಾರುವ ಸೆರಗು, ಎದುರಿಗೆ ಸುಣ್ಣದ ಗೋಡೆ. ಬನಹಟ್ಟಿಯಲ್ಲಿ ಅವರ ಮನೆ, ನಮ್ಮ ಮನೆ ಒಂದೇ ಗೋಡೆಯವು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದ ಮೇಲೆ ಅವರು ಸಂಜೆ ಹೊತ್ತು ಓಣಿಯವರಿಗೆ ಇಂಗ್ಲಿಷಿನಲ್ಲಿ ಮಾತಾಡುವುದನ್ನು ಕಲಿಸುತ್ತಿದ್ದರು. ಫೋನಿನಲ್ಲಿ ಮಾತಾಡುವ ಪಾಠ ಬಂತೆಂದರೆ ಕುರ್ಚಿ ತಿರುಗಿಸಿ ನಮಗೆ ಬೆನ್ನು ಮಾಡಿ ಕೂರುವರು.

"ಫೋನಿನಾಗ ಮಾರಿ ಕಾಣೂದಿಲ್ಲ. ನಗೂದೂ ಅಳೂದೂ ದನಿಯಾಗ ಬರಬೇಕು" ಎನ್ನುವರು. ಸುತ್ತಲಿನ ಮಗ್ಗಗಳ ಸದ್ದಿನಲ್ಲೂ ನಮ್ಮ ದನಿಯ ಅಳುಕು ಅವರಿಗೆ ಹೇಗೋ ಕೇಳಿಸಿಬಿಡುತ್ತಿತ್ತು.

ನಾನು ಜಮಖಂಡಿಯ ಕಾಲೇಜಿಗೆ ಬಸ್ಸಿನಲ್ಲಿ ನಿಂತೇ ಹೋಗಿ ಬಿ.ಎ. ಮುಗಿಸಿದವಳು. ನನಗೆ ಬರುತ್ತಿದ್ದದ್ದು ರಜೆ ಅರ್ಜಿಯ ಇಂಗ್ಲಿಷ್ ಒಂದೇ. ಪಾಠದ ಮೊದಲ ದಿನ ಬಾಯಾರಿ, "ಕೈಂಡ್ಲಿ ಗ್ರಾಂಟ್ ಮಿ ಸಮ್ ವಾಟರ್" ಎಂದು ಕೇಳಿದೆ. ಅಕ್ಕೋರು ತಂಬಿಗೆ ಕೈಗಿಟ್ಟು, "ಕುಡಿಯವ್ವಾ, ಮಂಜೂರಾತು" ಎಂದರು. ಆಮೇಲೆ ನಿಧಾನವಾಗಿ ತಿಳಿಸಿ ಹೇಳಿದರು: ಸಾಹೇಬರ ಮುಂದೆ ಆಡುವ ಮಾತು ಬೇರೆ, ಪಕ್ಕದ ಮನೆಯ ಬಾಗಿಲಲ್ಲಿ ನಿಂತು ಆಡುವುದು ಬೇರೆ, ಸತ್ತವರ ಮನೆಯಲ್ಲಿ ಆಡುವುದು ಮತ್ತೂ ಬೇರೆ. ಮಾತು ಹುಡುಕುವ ಮೊದಲು ಕೇಳುವವರು ಯಾರೆಂದು ನೋಡಬೇಕು.

ಇದು ನನಗೆ ನಿಜವಾಗಿ ತಿಳಿದದ್ದು ಕೊಚ್ಚಿಯ ಹೆಣ್ಣುಮಗಳೊಬ್ಬರ ಸೀರೆ ಕೆಲಸ ಬಂದಾಗ. ಹೆಂಗಸರಿಗೆ ನಾವು ಬಾಯಿ ಎನ್ನುತ್ತೇವೆ, ಆಕೆ ನಮಗೆ ಕೊಚ್ಚಿಯ ಬಾಯಿ. ನಡುವೆ ದಲಾಲರಿಲ್ಲದೆ ನಮ್ಮ ಮಗ್ಗವನ್ನೇ ಹುಡುಕಿಕೊಂಡು ಬಂದ ಮೊದಲ ಗಿರಾಕಿ ಆಕೆ. ಮಗಳ ಮದುವೆಗೆ ಎರಡೂ ಕಡೆಯ ಹೆಂಗಸರೆಲ್ಲರಿಗೂ ಒಂದೇ ಅಂಚಿನ ಸೀರೆ ಬೇಕಿತ್ತು. ಮದುವೆಯೊಳಗೆ ಆದೀತೇ ಎಂದು ಫೋನಿನಲ್ಲಿ ಕೇಳಿದರು. ಮಗ್ಗಕ್ಕೆ ಇನ್ನೂ ನೂಲೇ ಏರಿರಲಿಲ್ಲ. ಆದರೆ ನಮ್ಮ ಕಡೆ ಗಿರಾಕಿಗೆ ಆಗುವುದಿಲ್ಲ ಎಂದು ಯಾರು ಹೇಳುತ್ತಾರೆ? "ಆಗತೈತಿ ತಗೋರಿ" ಅನ್ನುತ್ತೇವೆ. ಅದರರ್ಥ ನೋಡೋಣ ಎಂದಷ್ಟೇ ಅಂತ ಹೇಳಿದವರಿಗೂ ಗೊತ್ತು, ಕೇಳಿದವರಿಗೂ ಗೊತ್ತು. ನಾನು ಅದನ್ನೇ ಇಂಗ್ಲಿಷಿನಲ್ಲಿ, "ಇಟ್ ವಿಲ್ ಬಿ ಡನ್, ಮೇಡಂ" ಎಂದೆ.

ಖುಷಿಯಿಂದ ಓಡಿ ಹೋಗಿ ಅಕ್ಕೋರಿಗೆ ಹೇಳಿದರೆ ಅವರು ನಗಲಿಲ್ಲ. ಅಪ್ಪನನ್ನು ಕರೆದು ಕೇಳಿದರು. ಮದುವೆಯೊಳಗೆ ಅರ್ಧದಷ್ಟು ಸೀರೆಗಳಾದರೆ ಹೆಚ್ಚು ಎಂದ ಅಪ್ಪ.

"ಅಕಿ ಇನ್ನ ಬ್ಯಾರೆ ಕಡೆ ಸೀರಿ ಹೇಳೂದಿಲ್ಲ, ನಿನ್ನ ಮಾತು ನಂಬಿ ಕುಂದರತಾಳ" ಎಂದರು ಅಕ್ಕೋರು.

ಹಾಗಾದರೆ ನಾವು ದಿನಾ ಆಡುವುದು ಸುಳ್ಳೇ ಎಂದು ನಾನು ಮುಖ ಊದಿಸಿದೆ.

"ಸುಳ್ಳಲ್ಲ ತಂಗಿ. ಎದುರಿಗಿದ್ದಾವ್ರಿಗೆ ಅದು ಧೈರ್ಯ. ದೂರ ಇದ್ದಾವ್ರಿಗೆ ಅದು ಕರಾರು."

ಕುರ್ಚಿ ತಿರುಗಿತು. ಅವರು ಕೊಚ್ಚಿಯ ಬಾಯಿಯಾದರು. ಪ್ರಯತ್ನ ಮಾಡುತ್ತೇನೆ ಎಂದೆ. ಹಾಗಂದರೆ ಇನ್ನೂ ಕಾಯುತ್ತಾಳೆ ಎಂದು ಬೆನ್ನು ಹೇಳಿತು. ಸಾಲುಸಾಲಾಗಿ ಕ್ಷಮೆ ಕೇಳಿದೆ; ನಿನ್ನ ಕ್ಷಮೆ ಇಟ್ಟುಕೊಂಡು ಆಕೆ ಏನು ಮಾಡಬೇಕು, ಎಷ್ಟು ಆಗುತ್ತದೆ ಅದನ್ನು ಹೇಳು ಎಂದಿತು. ಕೊನೆಗೆ ಉಳಿದದ್ದು ಚಿಕ್ಕ ಮಾತು: "ಐ ಸ್ಪೋಕ್ ಟೂ ಸೂನ್." ಅವಸರದಲ್ಲಿ ಹೇಳಿಬಿಟ್ಟೆ, ಅರ್ಧ ಮಾತ್ರ ಆಗುತ್ತದೆ, ಆ ಅರ್ಧ ಖಂಡಿತ. ಅಳುವಂತಿಲ್ಲ, ಗೋಗರೆಯುವಂತಿಲ್ಲ.

ಫೋನ್ ಮಾಡಿ ಅಷ್ಟನ್ನೇ ಹೇಳಿದೆ. ಮೊದಲ ಗಿರಾಕಿಯನ್ನು ನಾನೇ ಕಳೆದೆ ಎಂದು ಮನೆಯವರೆಲ್ಲ ಜನ್ಮವಿಡೀ ಹೇಳುತ್ತಾರೆಂಬ ಹೆದರಿಕೆ. ಕೊಚ್ಚಿಯ ಬಾಯಿ ಬೈಯಲಿಲ್ಲ. ಈಗಲೇ ಹೇಳಿದ್ದು ಒಳ್ಳೆಯದಾಯಿತು, ಹೆಣ್ಣಿನ ಕಡೆಯವರಿಗಷ್ಟೇ ನೇಯ್ದು ಕೊಡಿ ಎಂದರು. ಅವರು ಇವತ್ತಿಗೂ ನಮ್ಮ ಗಿರಾಕಿ. ಅವರ ಮಾತು ಕೇಳಿ ಬಂದವರು ಎಷ್ಟೋ ಮಂದಿ.

ಹೋದ ವರ್ಷ ಅಕ್ಕೋರು ಜಮಖಂಡಿಯ ದವಾಖಾನೆ ಸೇರಿದರು. ಇನ್ನು ಹೆಚ್ಚು ದಿನವಿಲ್ಲ ಎಂದು ಡಾಕ್ಟರು ನನಗೂ ಹೇಳಿದ್ದರು, ಅವರಿಗೂ ಹೇಳಿದ್ದರು. ಆದರೂ ಅವರ ಹಾಸಿಗೆಯ ಪಕ್ಕ ಕೂತು, "ದೀಪಾವಳಿ ಆದಮ್ಯಾಲೆ ಹೊಸ ಹುಡುಗ್ಯಾರು ಬರ್ತಾರ್ರಿ. ಅಷ್ಟರಾಗ ಮನಿಗೆ ಬರ್ರಿ, ಕ್ಲಾಸ್ ಚಾಲೂ ಮಾಡೂಣು" ಎಂದೆ.

ಅಕ್ಕೋರು ಮೆಲ್ಲಗೆ ಗೋಡೆಯ ಕಡೆ ಹೊರಳಿ ನನಗೆ ಬೆನ್ನು ಮಾಡಿದರು. ತುರುಬು ಪೂರ್ತಿ ಬೆಳ್ಳಗಾಗಿತ್ತು.

"ಆಗತೈತಿ ತಗೋ" ಎಂದರು.

ಮುಖ ಕಾಣದಿದ್ದರೂ ಕೇಳಿಸಿಕೊಳ್ಳುವುದನ್ನು ನನಗೆ ಅವರೇ ಕಲಿಸಿದ್ದರು. ನಾನು "ಹೂಂನ್ರಿ" ಎಂದು ಅವರ ಬೆನ್ನ ಮೇಲೆ ಕೈಯಿಟ್ಟೆ. ಆ ವಾರವೇ ಅವರು ತೀರಿಕೊಂಡರು.

ದೀಪಾವಳಿಯಾದ ಮೇಲೆ ಹುಡುಗಿಯರು ಬಂದರು. ಕ್ಲಾಸು ನಮ್ಮ ಮಗ್ಗದ ಮನೆಯಲ್ಲೇ ನಡೆಯುತ್ತಿದೆ, ಕುರ್ಚಿ ಅವರದೇ. ಮೊನ್ನೆ ಅದನ್ನು ತಿರುಗಿಸಿ ಗೋಡೆಗೆ ಮುಖ ಮಾಡಿ ಕೂತೆ. ಹಿಂದಿನಿಂದ ಒಬ್ಬಳು "ಹಲೋ" ಎಂದಳು. ಅವಳು ನಗುತ್ತಿದ್ದಳು, ನನಗೆ ಕೇಳಿಸಿತು.