ಅರದ ಬಾಲ

ಗರಗಸದ ಹಲ್ಲು ತೀಡುವುದು ನನ್ನ ಕಸುಬಾಗಿತ್ತು. ಓಣಿಯವರು ನನ್ನನ್ನು ‘ಹಲ್ಲಿನ ಡಾಕ್ಟರು’ ಎಂದು ಗೇಲಿ ಮಾಡುತ್ತಿದ್ದರು. ಮಾಡಲಿ. ದಾವಣಗೆರೆಯ ಆ ಸಾಮಿಲ್ಲಿಗೆ ನಾನು ಒಂದು ದಿನ ಹೋಗದಿದ್ದರೆ ಸಾಹುಕಾರರೇ ನಮ್ಮ ಮನೆ ಬಾಗಿಲಿಗೆ ಬರುತ್ತಿದ್ದರು. ಮೊಂಡಾದ ಗರಗಸದ ಪಟ್ಟಿಯನ್ನು ಮೊದಲು ತಿರುಗುವ ಸಾಣೆಗಲ್ಲಿಗೆ ಹಿಡಿದು ಹಲ್ಲಿನ ಸಂದು ಬಿಡಿಸಬೇಕು. ಆಮೇಲೆ ಒಂದೊಂದೇ ಹಲ್ಲಿಗೆ ಮೂರು ಮೂಲೆಯ ಅರ ಹಾಕಬೇಕು. ಅರವನ್ನು ಮುಂದಕ್ಕೆ ಮಾತ್ರ ಉಜ್ಜಬೇಕು; ಒತ್ತಿ ಹಿಂದಕ್ಕೆ ಎಳೆದರೆ ಅರವೇ ಹಾಳು. ಇದನ್ನೆಲ್ಲ ಕಲಿಸಿದವರು ಹರಿಹರದ ಹೊಳೆಯ ಹತ್ತಿರ ಕಟ್ಟಿಗೆ ಅಡ್ಡೆ ಇಟ್ಟುಕೊಂಡಿದ್ದ ಉಸ್ತಾದರು. ಕೈ ತಪ್ಪಿದರೆ ಅದೇ ಅರದಿಂದ ಗೆಣ್ಣಿಗೆ ಕೊಡುತ್ತಿದ್ದರು.

ಅವರು ಇನ್ನೊಂದು ಮಾತನ್ನೂ ಹೇಳಿದ್ದರು. “ಮರದ ಹೊಟ್ಟೆಯಾಗ ಕಬ್ಬಿಣ ಇದ್ರೆ ಅದು ಮುಚ್ಚಿಡಂಗಿಲ್ಲಪ್ಪ. ಹೊಟ್ಟು ನೋಡ್ತಿರು. ನೀಲಿಗೆ ತಿರುಗ್ತು ಅಂದ್ರೆ ಮೊದ್ಲು ಗರಗಸ ನಿಲ್ಸು, ಆಮ್ಯಾಲೆ ಮಾತಾಡು.”

ಅವರ ಹತ್ತಿರ ಕಲಿಯುವುದು ಮುಗಿಯುವ ಹೊತ್ತಿಗೆ ನನಗೆ ಇಪ್ಪತ್ತೆರಡು. ಅದೇ ವರ್ಷ ಅಕ್ಕನನ್ನು ಅವಳ ಗಂಡನ ಮನೆಯವರು ತಂದು ನಮ್ಮಲ್ಲಿ ಬಿಟ್ಟುಹೋದರು. ಅವಳ ಮೂರು ತಿಂಗಳ ಕೂಸು ಜ್ವರ ಬಂದು ಸತ್ತಿತ್ತು. ಸಂಜೆ ದೀಪ ಹಚ್ಚುವ ಹೊತ್ತಾದರೆ ಅಕ್ಕ ಅಳುತ್ತಿದ್ದಳು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುವ ಅಳುವಲ್ಲ ಅದು; ಓಣಿಯ ಕೊನೆ ಮನೆಗೂ ಕೇಳುತ್ತಿತ್ತು. ಕೂಸಿಗೆ ಹಸಿವಾಗಿದೆ, ನನ್ನ ಕುಪ್ಪಸವೆಲ್ಲ ತೊಯ್ದಿದೆ, ಕೂಸನ್ನು ಕೊಡಿ ಎಂದು ಕೂಗುತ್ತಿದ್ದಳು. ನಾನು ಕಿವಿ ಮುಚ್ಚಿಕೊಂಡು ಹೊರಗೆ ಹೋಗಿಬಿಡುತ್ತಿದ್ದೆ. ‘ಹುಡುಗಿಗೆ ಗಾಳಿ ಮೆಟ್ಟೈತೆ’ ಎಂದು ಓಣಿ ತೀರ್ಮಾನಿಸಿತು. ಓಣಿಯಲ್ಲಿ ತೀರ್ಮಾನಗಳಿಗೇನು ಬರ?

ಬಾತಿಯ ಹತ್ತಿರ ರಸ್ತೆ ಪಕ್ಕ ಒಂದು ಹುಣಸೆಮರವಿತ್ತು. ದೆವ್ವ ಬಿಡಿಸುವವನೊಬ್ಬ ಅಮಾವಾಸ್ಯೆಯ ಮಧ್ಯಾಹ್ನ ಅಲ್ಲಿ ಕೂರುತ್ತಿದ್ದ. ಮೈಮೇಲೆ ಬಂದದ್ದನ್ನು ಮರಕ್ಕೆ ಕಟ್ಟಿಹಾಕಲು ಹೆಂಗಸರ ಕೂದಲನ್ನು ಮೊಳೆಗೆ ಸುತ್ತಿ ಹೊಡೆಸುತ್ತಿದ್ದ. ಅವ್ವ ಅಕ್ಕನನ್ನು ಅಲ್ಲಿಗೆ ಕರೆದೊಯ್ದಳು. ಮೊಳೆಯನ್ನು ಒಡಹುಟ್ಟಿದವನೇ ಹೊಡೆಯಬೇಕಂತೆ. “ಅಂಗಡಿ ಮೊಳೆ ಬ್ಯಾಡ. ನಿನ್ನ ಕೈಯಾಗ ದುಡಿದ ಕಬ್ಬಿಣ ತಗಂಡ್ ಬಾ” ಎಂದು ಅವನು ಮೊದಲೇ ಹೇಳಿ ಕಳಿಸಿದ್ದ. ನಾನು ಸವೆದ ಅರವೊಂದನ್ನು ತಂದು, ಬಾಲದ ಜೊತೆ ಅರದ ಮೈಯೂ ಬೆರಳಗಲ ಉಳಿಯುವಂತೆ ಮುರಿದೆ. ಅರದ ಬಾಲವೆಂದರೆ ಹಿಡಿಕೆಯೊಳಗೆ ಹೋಗುವ ಚೂಪು ತುದಿ. ಅದನ್ನು ಸಾಣೆಗೆ ಹಿಡಿದು ಇನ್ನಷ್ಟು ಚೂಪು ಮಾಡಿದೆ.

ಆ ಮನುಷ್ಯ ಅಕ್ಕನ ಒಂದು ಜೊಂಪೆ ಕೂದಲನ್ನು ಅದಕ್ಕೆ ಸುತ್ತಿ ಮರಕ್ಕೆ ಒತ್ತಿ ಹಿಡಿದ. ಅಕ್ಕ ತಲೆಯನ್ನು ತೊಗಟೆಗೆ ಆನಿಸಿಕೊಂಡು ನನ್ನನ್ನೇ ನೋಡುತ್ತಿದ್ದಳು. ನಾನು ಏಳು ಪೆಟ್ಟು ಹೊಡೆದೆ. ಒಂದಿಷ್ಟೂ ಹೊರಗೆ ಉಳಿಯದಂತೆ, ತೊಗಟೆಯೊಳಗೆ ಪೂರ್ತಿ ಇಳಿಯುವಂತೆ ಹೊಡೆದೆ. ನನ್ನ ಕೆಲಸವೆಂದರೆ ಅಚ್ಚುಕಟ್ಟು ನೋಡಿ. ಅವನು ಕತ್ತರಿಯಿಂದ ಕೂದಲು ಕತ್ತರಿಸಿ ಅಕ್ಕನನ್ನು ಬಿಡಿಸಿದ. “ಇದನ್ನ ಕಿತ್ತ ದಿನ ಅದು ತಿರುಗಿ ಬರ್ತೈತೆ, ನೆಪ್ಪಿರ್ಲಿ” ಅಂದ.

ಅವತ್ತಿನಿಂದ ಅಕ್ಕ ಅಳಲಿಲ್ಲ. ಗಂಡನ ಮನೆಯವರು ಕರೆಯಲು ಬರಲಿಲ್ಲ, ಅದಕ್ಕೂ ಅಳಲಿಲ್ಲ. ಒಂಬತ್ತು ವರ್ಷ ರೊಟ್ಟಿ ಬಡಿದಳು, ನೀರು ಹೊತ್ತಳು, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟಳು. ಅವ್ವ ತೀರಿಕೊಂಡಾಗ ಮಣ್ಣಿಗೆ ಬಂದ ಹೆಂಗಸರು ‘ಎಂಥ ಕಲ್ಲು ಮನಸ್ಸೇ ತಾಯಿ’ ಎಂದು ಆಡಿಕೊಂಡರು. ನಾನೋ, ಮೊಳೆ ಗಟ್ಟಿಯಾಗಿ ಕೂತಿದೆ ಎಂದು ಸಮಾಧಾನಪಟ್ಟುಕೊಂಡೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಅವ್ವ ಸತ್ತ ಮರುವರ್ಷ ರಸ್ತೆ ಅಗಲ ಮಾಡಲು ಬಾತಿ ಕಡೆಯ ಸಾಲುಮರಗಳನ್ನು ಕಡಿದರು. ಒಂದು ಬೆಳಿಗ್ಗೆ ನಮ್ಮ ಸಾಮಿಲ್ಲಿಗೆ ಹುಣಸೆಯ ದಿಮ್ಮಿಯೊಂದು ಬಂತು. ಆಳುಗಳು ಇಕ್ಕಳ ಹಿಡಿದು ಮೈಮೇಲಿನ ಮೊಳೆಗಳನ್ನೆಲ್ಲ ಕಿತ್ತು ಬುಟ್ಟಿಗೆ ಹಾಕತೊಡಗಿದಾಗಲೇ ಅದು ಯಾವ ಮರವೆಂದು ನನಗೆ ತಿಳಿಯಿತು. ನನ್ನ ಮೊಳೆ ಆ ಬುಟ್ಟಿಯಲ್ಲಿರಲಿಲ್ಲ. ಅದರ ಮೇಲೆ ತೊಗಟೆ ಬೆಳೆದು, ಮಾಗಿದ ಗಾಯದ ಹಾಗೆ ಸಣ್ಣದೊಂದು ಗುಳಿ ಮಾತ್ರ ಉಳಿದಿತ್ತು. ಅಲ್ಲಿ ಕಬ್ಬಿಣವಿದೆ ಎಂದು ಆ ಸಾಮಿಲ್ಲಿನಲ್ಲಿ ಗೊತ್ತಿದ್ದವನು ನಾನೊಬ್ಬನೇ.

ಅತ್ತ ದರಿ, ಇತ್ತ ಪುಲಿ. ಹೇಳಿದರೆ ಮೊಳೆ ಕೀಳುತ್ತಾರೆ. ಹೇಳದಿದ್ದರೆ ಗರಗಸ ಅದಕ್ಕೆ ಬಡಿಯುತ್ತದೆ. ಅರದ ಉಕ್ಕಿಗೆ ಗರಗಸದ ಹಲ್ಲು ಯಾವ ಲೆಕ್ಕ? ಹಲ್ಲು ಮುರಿದು ಹಾರಿದರೆ ನೇರವಾಗಿ ದಿಮ್ಮಿ ತಳ್ಳುವ ಮಿಸ್ತ್ರಿಯ ಮುಖಕ್ಕೆ. ಅವನು ನಾಲ್ಕು ಮಕ್ಕಳ ತಂದೆ, ದಿನಾ ನನ್ನ ಜೊತೆ ಬುತ್ತಿ ಹಂಚಿಕೊಂಡು ಉಣ್ಣುವವನು. ದೆವ್ವದ ಮೇಲೆ ನನಗೆ ಅಂಥ ನಂಬಿಕೆಯೇನೂ ಇರಲಿಲ್ಲ. ಆದರೆ ಸಂಜೆಯ ಆ ಅಳು ಮತ್ತೆ ನಮ್ಮ ಮನೆಗೆ ಬರುವುದು ನನಗೆ ಬೇಡವಾಗಿತ್ತು. ನಿಜ ಹೇಳಬೇಕೆಂದರೆ ಅಷ್ಟೇ.

ಮೊದಲೇ ಹರಿತವಾಗಿದ್ದ ಗರಗಸಕ್ಕೆ ಮತ್ತೆ ಅರ ಹಾಕುತ್ತ ಮಧ್ಯಾಹ್ನದವರೆಗೂ ಕೂತೆ. ಮಿಸ್ತ್ರಿ ಬಂದು ನಗಾಡಿದ. “ಏನ್ ಡಾಕ್ಟ್ರೇ, ಹಲ್ಲು ತೀಡ್ತೀರೋ, ಕೀಳ್ತೀರೋ?” ನಾನು ಪಟ್ಟಿ ಎತ್ತಿಕೊಟ್ಟೆ. ಅವನು ಅದನ್ನು ಗಾಲಿಗೆ ಏರಿಸಿದ, ಮಿಷನ್ನು ಶುರುವಾಯಿತು. ಆಗಲೂ ನಾನು ಬಾಯಿ ಬಿಡಲಿಲ್ಲ.

ಹೊಟ್ಟು ಬೀಳುತ್ತಿತ್ತು. ನಸುಹಳದಿ ಹೊಟ್ಟು. ನಾನು ಅದನ್ನೇ ನೋಡುತ್ತ ನಿಂತಿದ್ದೆ. ಅದರಲ್ಲಿ ಶಾಯಿ ಚೆಲ್ಲಿದಂಥ ಬಣ್ಣ ಕಂಡಿದ್ದೇ ತಡ, “ನಿಲ್ಸೋ! ನಿಲ್ಸೋ!” ಎಂದು ಕಿರುಚಿಕೊಂಡೆ. ಗರಗಸ ನಿಂತಾಗ ಆ ಗುಳಿಗೆ ಎರಡು ಬೆರಳು ಬಾಕಿ ಇತ್ತು. ಉಳಿಯಿಂದ ನಾನೇ ಅಗೆದು ಮೊಳೆ ತೆಗೆದೆ. ಅರದ ಗೆರೆಗಳು ಹಾಗೇ ಇದ್ದವು. ಕೂದಲು ಇರಲಿಲ್ಲ, ಸುತ್ತಲಿನ ಮರವೆಲ್ಲ ಕಪ್ಪಾಗಿತ್ತು.

“ನನ್ನ ಜೀವ ಉಳಿಸಿದ್ರಿ” ಎಂದು ಮಿಸ್ತ್ರಿ ಕೈ ಮುಗಿದ. ಅವನ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ಸಂಜೆ ಮನೆಗೆ ಬಂದಾಗ ಅಕ್ಕ ಒಲೆಯ ಮುಂದೆ ಕೂತಿದ್ದಳು. ಮುಚ್ಚಿಡಬೇಕೆಂದೇ ಬಂದವನು ಯಾಕೋ ಮೊಳೆಯನ್ನು ಜೇಬಿನಿಂದ ತೆಗೆದು ಅವಳ ಮುಂದಿಟ್ಟೆ. ಮರ ಕಡಿದರು, ಇದನ್ನು ಕೀಳಬೇಕಾಯಿತು ಎಂದೆ. ಅವಳು ಅದನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ತಿರುಗಿಸಿ ನೋಡಿದಳು.

“ದೆವ್ವ ಗಿವ್ವ ಏನೂ ಇರ್ಲಿಲ್ಲ ತಮ್ಮಾ” ಅಂದಳು. “ಕೂಸಿನ ನೆಪ್ಪಾಗಿ ಅಳ್ತಿದ್ದೆ. ನೀನು ಸುತ್ತಿಗೆ ಎತ್ತಿದ್ದು ನೋಡಿದೆ. ಇನ್ನೊಂದ್ಸಲ ಅತ್ರೆ ಇನ್ನೊಂದು ಮೊಳೆ ಹೊಡಿತಾರ ಅಂತ ಬಾಯಿ ಕಟ್ಕಂಡೆ.”

ಅವಳು ಮೊಳೆಯನ್ನು ನೆಲದ ಮೇಲಿಟ್ಟು ಕೇಳಿದಳು: “ಈಗ ಕಿತ್ತೈತಲ್ಲ. ಇನ್ನ ಅಳಬಹುದೇನೋ?”

ಹೆಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು. ಅಕ್ಕ ನನ್ನ ಉತ್ತರಕ್ಕೆ ಕಾಯುತ್ತಿದ್ದಳು. ಅಳು ಅಕ್ಕಾ ಎಂದು ಹೇಳಲು ಬಾಯಿ ತೆರೆದರೆ ಮಾತು ಬರಲಿಲ್ಲ, ಅಳು ಬಂತು. ನಾನು ಅಳುವ ಸದ್ದು ಓಣಿಗೆಲ್ಲ ಕೇಳಿಸಿರಬೇಕು.

ಅಕ್ಕ ಗಾಬರಿಯಿಂದ ಎದ್ದು ಹೋಗಿ ಬೀದಿ ಬಾಗಿಲು ಮುಚ್ಚಿ ಬಂದಳು. ನನ್ನ ತಲೆಯನ್ನು ಎದೆಗೆ ಒತ್ತಿ ಹಿಡಿದುಕೊಂಡು, “ಸುಮ್ಕಿರೋ, ಸುಮ್ಕಿರು. ಯಾರಾದ್ರೂ ಕೇಳಿಸ್ಕಂಡಾರು” ಅಂದಳು.